ಬೆಳಕಿಗೆ ಹಿಡಿದ ಎರಡು ಲಕೋಟೆ

ಕೊರೋನಾದ ಎರಡನೆಯ ಅಲೆಯಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಕಬ್ಬಿಣದ ಬೀರು ಮತ್ತು ಅದರ ಕೀಲಿಕೈ. ಉಳಿದ ಡಾಕ್ಟರುಗಳು ಮೈತುಂಬ ಪ್ಲಾಸ್ಟಿಕ್ ಉಡುಪು ತೊಟ್ಟು ವಾರ್ಡಿನಲ್ಲಿ ಬೆವರುತ್ತಿದ್ದರೆ ನಾನು ಪಕ್ಕದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಲಕೋಟೆಗಳನ್ನು ಕಾಯುತ್ತಿದ್ದೆ. ನಾನು ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುವವಳು. ಹುಡುಗರು ಬೆನ್ನ ಹಿಂದೆ ‘ಇಲಿ ಡಾಕ್ಟರ್’ ಎನ್ನುವುದು ನನಗೆ ಗೊತ್ತು. ನನ್ನ ಕೈಯಲ್ಲಿ ಔಷಧ ತಗೊಂಡ ಜೀವಿಗಳಲ್ಲಿ ಯಾವುದೂ ನಂತರ ಬಂದು ಥ್ಯಾಂಕ್ಸ್ ಹೇಳಿದ್ದಿಲ್ಲ, ಬೈದದ್ದೂ ಇಲ್ಲ.

ಆಸ್ಪತ್ರೆಯಲ್ಲಿ ಆಗ ಒಂದು ಪ್ರಶ್ನೆ ಎಲ್ಲರನ್ನೂ ಕಾಡುತ್ತಿತ್ತು. ಉಸಿರು ಸಾಲದೆ ಆಕ್ಸಿಜನ್ ಹಚ್ಚಿಸಿಕೊಂಡು ಮಲಗಿದವರಿಗೆ ಸ್ಟೀರಾಯ್ಡ್ ಕೊಡಬೇಕು ಎನ್ನುವುದರಲ್ಲಿ ತಕರಾರಿರಲಿಲ್ಲ. ಯಾವುದನ್ನು, ಎಷ್ಟು ಎನ್ನುವುದರಲ್ಲಿ ಇತ್ತು. ಒಂದು ಕ್ರಮದಲ್ಲಿ ದಿನಕ್ಕೊಂದು ಸಣ್ಣ ಇಂಜೆಕ್ಷನ್, ಹತ್ತು ದಿನ. ಇನ್ನೊಂದರಲ್ಲಿ ಬೇರೆ ಸ್ಟೀರಾಯ್ಡನ್ನು ದೊಡ್ಡ ಪ್ರಮಾಣದಲ್ಲಿ ಮೂರು ದಿನ ಡ್ರಿಪ್‌ನಲ್ಲಿ ಬಿಟ್ಟು, ಆಮೇಲೆ ಮೆಲ್ಲಗೆ ಇಳಿಸುವುದು. ವಾರ್ಡಿನ ಬಾಯಲ್ಲಿ ಅವು ‘ಸಣ್ಣದು’ ಮತ್ತು ‘ದೊಡ್ಡದು’ ಆಗಿಬಿಟ್ಟಿದ್ದವು. ಯಾವುದು ಮೇಲೆಂದು ಯಾರಿಗೂ ಗೊತ್ತಿರಲಿಲ್ಲ, ದೊಡ್ಡದೇ ಮೇಲೆಂದು ಎಲ್ಲರೂ ನಂಬಿದ್ದರು. ಹೆಸರಿಟ್ಟ ಮೇಲೆ ಮನುಷ್ಯನ ಬುದ್ಧಿ ಹಾಗೆಯೇ ಓಡುತ್ತದೆ.

ಮೆಡಿಸಿನ್ ವಿಭಾಗದ ಮುಖ್ಯಸ್ಥರು ಎರಡನ್ನೂ ಹೋಲಿಸಿ ನೋಡೋಣ ಎಂದರು. ಹೋಲಿಸಬೇಕಾದರೆ ಯಾರಿಗೆ ಯಾವುದು ಎನ್ನುವುದನ್ನು ಡಾಕ್ಟರು ಆರಿಸಬಾರದು. ಆರಿಸಿದರೆ ತೀರ ಬಳಲಿದವರಿಗೆಲ್ಲ ದೊಡ್ಡದೇ ಹೋಗುತ್ತದೆ, ಅವರಲ್ಲಿ ಹೆಚ್ಚು ಮಂದಿ ಸಾಯುತ್ತಾರೆ, ಕೆಟ್ಟ ಹೆಸರು ಔಷಧಕ್ಕೆ ಬರುತ್ತದೆ. ಇಲ್ಲವೆ ವಶೀಲಿ ಇದ್ದವರಿಗೆ ಒಂದು, ಇಲ್ಲದವರಿಗೆ ಇನ್ನೊಂದು. ಆದ್ದರಿಂದ ಚೀಟಿ. ಸಂಖ್ಯಾಶಾಸ್ತ್ರದ ಮೇಷ್ಟ್ರು ಚೀಟಿಗಳನ್ನು ಲಕೋಟೆಯೊಳಗಿಟ್ಟು, ಅಂಟಿಸಿ, ಮೇಲೆ ಕ್ರಮಸಂಖ್ಯೆ ಬರೆದು ಕೊಡುತ್ತಾರೆ. ರೋಗಿಯ ಒಪ್ಪಿಗೆ ಪತ್ರ ಪೂರ್ತಿಯಾದ ಮೇಲೆ ಸಾಲಿನಲ್ಲಿ ಮುಂದಿರುವ ಲಕೋಟೆಯ ಮೇಲೆ ಹೆಸರು, ವೇಳೆ ಬರೆದು ಆಮೇಲಷ್ಟೇ ನಾನು ಒಡೆಯಬೇಕು. ನಡುವಿನಿಂದ ಎಳೆಯುವಂತಿಲ್ಲ. ಕೀಲಿಕೈ ನನ್ನ ಬಳಿ ಇರಲೆಂದು ಮುಖ್ಯಸ್ಥರೇ ತೀರ್ಮಾನಿಸಿದರು. ಗ್ಯಾಸಿನ ಗುಬಟು ತಿರುಗಿಸಿದ್ದೇನೋ ಇಲ್ಲವೋ ಎಂದು ನಿಜಲಿಂಗಪ್ಪ ಬಡಾವಣೆಯ ಮನೆಗೆ ಅರ್ಧ ದಾರಿಯಿಂದ ವಾಪಸು ಹೋಗುವ ಹೆಂಗಸೆಂದು ಇಡೀ ಕಾಲೇಜಿಗೆ ಗೊತ್ತಿತ್ತು. ಇಂಥ ಕೆಲಸಕ್ಕೆ ಅದೇ ನನ್ನ ಅರ್ಹತೆ. ದಿನಕ್ಕೆ ನಾಲ್ಕು ಸಲ ಬೀರುವಿನ ಬೀಗ ಎಳೆದು ನೋಡುತ್ತಿದ್ದೆ. ಕೀಲಿಕೈ ಇರುವ ಜಾಗವೇ ಅಪಾಯದ ಜಾಗ ಎಂದು ಮಾತ್ರ ಹೊಳೆಯಲಿಲ್ಲ.

ಲಕೋಟೆ ಹೊಂದಿಸುವುದು ನನ್ನ ಕೆಲಸವಾಗಿತ್ತು. ‘ದಪ್ಪನೆಯದು ಇರಲಿ ಮೇಡಂ, ಒಳಗೆ ಅಲ್ಯುಮಿನಿಯಂ ಹಾಳೆ ಹಾಕ್ರಿ, ಬೆಳಕು ತೂರಬಾರದು’ ಎಂದಿದ್ದರು ಮೇಷ್ಟ್ರು. ಲಾಕ್‌ಡೌನಿನಲ್ಲಿ ಅಂಗಡಿಗಳ ಶಟರು ಕೆಳಗಿತ್ತು. ಕೊನೆಗೆ ಕೆ.ಬಿ. ಬಡಾವಣೆಯ ಪ್ರೆಸ್ಸಿನವರೊಬ್ಬರು ಅರ್ಧ ಬಾಗಿಲು ತೆಗೆದು, ಮದುವೆಗಳು ನಿಂತು ಉಳಿದುಹೋಗಿದ್ದ ಲಗ್ನಪತ್ರಿಕೆಯ ಕವರುಗಳ ಕಟ್ಟು ಕೊಟ್ಟರು. ತಿಳಿಹಳದಿ ಬಣ್ಣ, ಮೂಲೆಯಲ್ಲಿ ಬಂಗಾರದ ಗಣಪತಿ. ಅಲ್ಯುಮಿನಿಯಂ ಹಾಳೆ ಎಲ್ಲೂ ಸಿಗಲಿಲ್ಲ. ಒಂದು ಕವರಿನಲ್ಲಿ ಚೀಟಿ ಇಟ್ಟು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ಇಷ್ಟು ಸಾಕು ಅನಿಸಿತು. ಕಾಗದ ದಪ್ಪ ಇದೆ ಎಂದಷ್ಟೇ ಮೇಷ್ಟ್ರಿಗೆ ಹೇಳಿದೆ.

ಮುಖ್ಯಸ್ಥರು ಮೊದಲ ಲಕೋಟೆ ನೋಡಿ, ‘ಏನ್ರಿ ಮೇಡಂ, ಐಸಿಯುಗೆ ಕರೀತಿದೀರೋ, ಮದುವೆಗೆ ಕರೀತಿದೀರೋ?’ ಎಂದರು. ಆ ದಿನಗಳಲ್ಲಿ ನಾವು ನಕ್ಕ ಕೆಲವೇ ಮಾತುಗಳಲ್ಲಿ ಅದೊಂದು.

ಕೆಲಸ ಶುರುವಾಗಿ ಎರಡು ವಾರಕ್ಕೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬೀರುವಿನೊಳಗೆ ಕತ್ತಲೆ. ಮೊಬೈಲಿನ ಟಾರ್ಚು ಹಚ್ಚಿ ಕಟ್ಟಿನ ಹಿಂದೆ ಇಟ್ಟುಕೊಂಡು ಸಂಖ್ಯೆ ಹುಡುಕುವಾಗ, ಮುಂದಿನ ಲಕೋಟೆಯ ಹೊಟ್ಟೆಯಲ್ಲಿ ಚೀಟಿಯ ಅಕ್ಷರ ನೆರಳಿನಂತೆ ಮೂಡಿತು. ಓದುವ ಮೊದಲೇ ಥಟ್ಟನೆ ಕೆಳಗಿಟ್ಟೆ. ಆ ಕ್ಷಣವೇ ಹೋಗಿ ಹೇಳಬೇಕಿತ್ತು. ಹೇಳಿದರೆ ಅಷ್ಟೂ ಲಕೋಟೆ ಮತ್ತೆ ಮಾಡಬೇಕು, ಅಲ್ಯುಮಿನಿಯಂ ಹಾಳೆ ಯಾಕೆ ಹಾಕಲಿಲ್ಲವೆಂದು ಬೈಸಿಕೊಳ್ಳಬೇಕು, ಅದೂ ವಾರ್ಡು ತುಂಬಿ ವರಾಂಡದಲ್ಲಿ ಹಾಸಿಗೆ ಹಾಕಿದ್ದ ದಿನಗಳಲ್ಲಿ. ಟಾರ್ಚು ಯಾರು ಹಿಡಿಯುತ್ತಾರೆ, ಕೀಲಿಕೈ ಇರುವುದು ನನ್ನೊಬ್ಬಳ ಹತ್ತಿರ ಎಂದುಕೊಂಡು ಸುಮ್ಮನಾದೆ. ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಮೂರು ದಿನ ಕೊರಗುವ ನಾನು ಇದರ ಬಗ್ಗೆ ಕೊರಗಲೇ ಇಲ್ಲ.

ಅದಾಗಿ ಒಂದು ವಾರಕ್ಕೆ ಹರಿಹರದಿಂದ ಫೋನು ಬಂತು. ನನ್ನ ಶಾಲೆಯ ಗೆಳತಿ. ಹರಿಹರದಲ್ಲಿ ಹತ್ತನೆಯ ತರಗತಿಯವರೆಗೆ ನಾವಿಬ್ಬರೂ ಒಂದೇ ಬೆಂಚು. ಜೀವಶಾಸ್ತ್ರದ ರೆಕಾರ್ಡಿನಲ್ಲಿ ಕಪ್ಪೆ, ಜಿರಲೆ, ದಾಸವಾಳದ ಚಿತ್ರಗಳೆಲ್ಲ ಅವಳ ಕೈಯವು, ಅಂಕಗಳು ನನ್ನವು. ನಾನು ಡಾಕ್ಟರಾದೆ. ಅವಳನ್ನು ಅದೇ ಊರಿನಲ್ಲಿ ಲೇತ್ ಮಿಷನ್ ಇಟ್ಟುಕೊಂಡು ಬಿಡಿಭಾಗ ಕಡೆದುಕೊಡುವ ಒಬ್ಬರಿಗೆ ಮದುವೆ ಮಾಡಿಕೊಟ್ಟರು. ಅವರೇ ಈಗ ನಮ್ಮ ವಾರ್ಡಿನಲ್ಲಿದ್ದರು. ಸಕ್ಕರೆ ಕಾಯಿಲೆ ಇತ್ತು, ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ಅಂಥವರನ್ನು ಸೇರಿಸಿಕೊಳ್ಳಬಹುದೆಂದು ನಮ್ಮ ನಿಯಮದಲ್ಲಿತ್ತು.

‘ಲೇ ಡಾಕ್ಟರಮ್ಮ, ಫಾರಮ್ಮಿನಾಗೆ ಎರಡು ಔಷಧ ಅಂತ ಬರ್ದೈತಂತೆ. ಚಲೋದು ಯಾವುದು ಹೇಳು,’ ಎಂದಳು.

‘ಗೊತ್ತಿಲ್ಲ ಕಣೆ. ಗೊತ್ತಿಲ್ಲ ಅಂತಾನೇ ಈ ಪರೀಕ್ಷೆ.’

‘ಇಷ್ಟು ಓದಿ ಗೊತ್ತಿಲ್ಲ ಅಂತೀಯಲ್ಲೇ! ಹೋಗ್ಲಿ ಬಿಡು. ನಿನ್ನ ಗಂಡ ಮಲಗಿದ್ರೆ ಯಾವುದು ಹಾಕಿಸ್ತಿದ್ದಿ?’

ನಾನು ಸುಮ್ಮನಿರಬೇಕಿತ್ತು. ‘ದೊಡ್ಡದು,’ ಎಂದೆ.

‘ಹಂಗಾರೆ ಅದನ್ನೇ ಹಾಕ್ಸು. ಚೀಟಿ ನಿನ್ನ ಹತ್ರಾನೇ ಐತಂತಲ್ಲ. ನಾನು ಇವತ್ತಿನ ಮಟ ನಿನ್ನ ಏನಾದ್ರೂ ಕೇಳೀನೇನೆ?’

ಕೇಳಿರಲಿಲ್ಲ, ನಿಜ. ಆಗಲ್ಲ ಎಂದು ಹೇಳಲು ಬಾಯಿ ತೆರೆದೆ. ‘ನೋಡ್ತೀನಿ’ ಎಂಬ ಮಾತು ಹೊರಬಂತು.

ಆವತ್ತು ಸರದಿಯಲ್ಲಿದ್ದವರು ಇಬ್ಬರು. ಮೊದಲು ಆನಗೋಡಿನ ರೈತರ ಮನೆಯ ಅಜ್ಜಿಯೊಬ್ಬರು, ಅವರ ನಂತರ ನನ್ನ ಗೆಳತಿಯ ಗಂಡ. ಕೋಣೆಯ ಬಾಗಿಲು ಮುಂದೆ ಮಾಡಿ ಬೀರು ತೆಗೆದೆ. ಮುಂದಿನ ಎರಡು ಲಕೋಟೆಗಳನ್ನು ಒಂದೊಂದಾಗಿ ಟಾರ್ಚಿಗೆ ಹಿಡಿದೆ. ಮೊದಲನೆಯದು ದೊಡ್ಡದು, ಎರಡನೆಯದು ಸಣ್ಣದು. ನಿಯಮದಂತೆ ಹೋದರೆ ಅಜ್ಜಿಗೆ ದೊಡ್ಡದು, ಇವರಿಗೆ ಸಣ್ಣದು.

ಅಜ್ಜಿಯ ಒಪ್ಪಿಗೆ ಪತ್ರ ಮೇಜಿನ ಮೇಲೆ ಬಂದು ಕೂತಿತ್ತು. ತಿರುವಿ ನೋಡಿದೆ. ಮೂರನೆಯ ಪುಟದ ಕೆಳಗೆ ಮಗನ ಸಹಿ ಒಂದು ಬಿಟ್ಟುಹೋಗಿತ್ತು. ಬೇರೆ ದಿನವಾಗಿದ್ದರೆ ನಾನೇ ಪೆನ್ನು ಹಿಡಿದು ವರಾಂಡಕ್ಕೆ ಹೋಗಿ ಎರಡು ನಿಮಿಷದಲ್ಲಿ ಹಾಕಿಸಿಕೊಂಡು ಬರುತ್ತಿದ್ದೆ. ಆವತ್ತು ಕಾಗದವನ್ನು ವಾರ್ಡಿನ ಸಿಸ್ಟರ್ ಕೈಗೆ ಕೊಟ್ಟು, ‘ಇದು ಅಪೂರ್ಣ ಐತೆ, ಸಹಿ ಮಾಡಿಸಿ ಕಳ್ಸಿ’ ಎಂದೆ.

‘ಮಗ ಊಟಕ್ಕೆ ಹೋಗ್ಯಾನೆ ಮೇಡಂ, ಬಂದ ಮ್ಯಾಲೆ ಮಾಡಿಸ್ತೀನಿ. ಅಜ್ಜೀದು ಈಗ ಒಡೆದುಬಿಡ್ರಿ, ಸಹಿ ಏನು ಆಮೇಲೆ ಹಾಕ್ಕಂತಾರೆ,’ ಎಂದರು ಸಿಸ್ಟರ್.

‘ನಿಯಮ ಅಂದ್ರೆ ನಿಯಮ ಸಿಸ್ಟರ್,’ ಎಂದೆ. ಆ ಮಾತು ಹೇಳಿದ ನನ್ನ ದನಿ ಇನ್ನೂ ಕಿವಿಯಲ್ಲಿದೆ. ಎಷ್ಟು ಗಟ್ಟಿಯಾಗಿತ್ತು ಅದು!

ಮಗ ಊಟದಿಂದ ವಾಪಸು ಬರುವಷ್ಟರಲ್ಲಿ ಹರಿಹರದವರ ಒಪ್ಪಿಗೆ ಪತ್ರ ಪೂರ್ತಿಯಾಗಿ ಬಂತು. ಮೊದಲ ಲಕೋಟೆಯ ಮೇಲೆ ಅವರ ಹೆಸರು, ವೇಳೆ ಬರೆದು ಒಡೆದೆ. ಅರ್ಧ ಗಂಟೆಯ ನಂತರ ಅಜ್ಜಿಯದು. ರಿಜಿಸ್ಟರಿನಲ್ಲಿ ಒಂದು ಸುಳ್ಳು ಅಂಕೆಯೂ ಇಲ್ಲ. ಒಂದು ಗೀಟನ್ನೂ ತಿದ್ದಿಲ್ಲ. ಕಾಗದದ ಮೇಲೆ ನನ್ನಷ್ಟು ಶುದ್ಧ ವ್ಯಕ್ತಿ ಆ ಕಟ್ಟಡದಲ್ಲಿ ಇರಲಿಲ್ಲ.

ಹರಿಹರದವರಿಗೆ ಮೂರು ದಿನ ಡ್ರಿಪ್ ನಡೆಯಿತು. ಎರಡನೆಯ ದಿನವೇ ಸಕ್ಕರೆ ಏರಿತು. ಬೆರಳು ಚುಚ್ಚಿ ನೋಡುವ ಯಂತ್ರ ಅಂಕೆ ತೋರಿಸುವುದನ್ನು ಬಿಟ್ಟು, ತನ್ನ ಅಳತೆಗೆ ಮೀರಿತು ಎಂದಷ್ಟೇ ತೋರಿಸತೊಡಗಿತು. ಆರು ಗಂಟೆಗೊಮ್ಮೆ ಇಂಜೆಕ್ಷನ್ನಿನಲ್ಲಿ ಇನ್ಸುಲಿನ್. ಆದರೆ ಉಸಿರು ಸುಧಾರಿಸಿತು. ಐದನೆಯ ದಿನ ಆಕ್ಸಿಜನ್ ಕಡಿಮೆ ಮಾಡಿದರು, ವಾರ ತುಂಬುವುದರೊಳಗೆ ಮನೆಗೆ ಕಳಿಸಿದರು. ಆನಗೋಡಿನ ಅಜ್ಜಿ ಮಾತ್ರ ಹಾಸಿಗೆ ಬಿಟ್ಟು ಏಳಲಿಲ್ಲ. ದಿನಾ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಅವರ ಚಾರ್ಟು ನೋಡುತ್ತಿದ್ದೆ. ಅವರ ಪಾಲಿನದನ್ನು ಕಿತ್ತು ಬೇರೆಯವರಿಗೆ ಕೊಟ್ಟೆ, ಅವರು ಉಳಿಯುವುದಿಲ್ಲ ಎಂದು ತೀರ್ಮಾನಿಸಿಕೊಂಡೇ ಬಿಟ್ಟಿದ್ದೆ. ಒಬ್ಬ ರೋಗಿಯನ್ನು ನೋಡಿ ಔಷಧದ ಬಗ್ಗೆ ಏನೂ ಹೇಳಲಾಗದು ಎಂದು ಎರಡನೆಯ ವರ್ಷದವರಿಗೆ ಪಾಠ ಮಾಡುವವಳು ನಾನೇ. ಆ ಪಾಠ ನನಗೇ ಉಪಯೋಗಕ್ಕೆ ಬರಲಿಲ್ಲ. ಅಜ್ಜಿ ಮೂರು ವಾರ ಮಲಗಿ, ಒಂದು ಬೆಳಿಗ್ಗೆ ಎದ್ದು, ಮುದ್ದೆ ಯಾಕೆ ಕೊಡಲ್ಲವೆಂದು ಸಿಸ್ಟರ್ ಜೊತೆ ಜಗಳ ತೆಗೆದು, ಮನೆಗೆ ಹೋದರು. ಸದ್ಯ ಬದುಕಿದೆ ಎಂದು ನಾನು ಉಸಿರು ಬಿಟ್ಟೆ.

ಪ್ರತಿ ರೋಗಿಗೂ ಸೇರಿದ ಇಪ್ಪತ್ತೆಂಟನೆಯ ದಿನ ಫೋನು ಮಾಡಿ ವಿಚಾರಿಸುವುದು ಕ್ರಮ. ಹರಿಹರಕ್ಕೆ ಮಾಡಿದೆ. ಗೆಳತಿಯೇ ಎತ್ತಿದಳು.

‘ಹುಬ್ಬಳ್ಳ್ಯಾಗೆ ಅದೀವಿ. ಇವರಿಗೆ ಹಲ್ಲು ನೋವು ಅಂತ ಶುರು ಆಗಿ, ಮುಖ ಬಾತು, ಕಪ್ಪು ಫಂಗಸ್ ಅಂದ್ರು. ನಿನ್ನೆ ಆಪರೇಷನ್ ಆತು. ಎಡಗಣ್ಣು ತೆಗದ್ರು ಕಣೆ.’ ಆಮೇಲೆ ಅವಳೇ, ‘ಜೀವ ಉಳೀತಲ್ಲ, ಅಷ್ಟು ಸಾಕು. ಅದು ನಿನ್ನಿಂದಾನೇ. ನಿನ್ನ ಉಪಕಾರ ಮರೆಯಂಗಿಲ್ಲ,’ ಎಂದಳು.

ನನ್ನ ಮುಂದೆ ಫಾರಂ ಇತ್ತು. ಬದುಕಿದ್ದಾರೆಯೇ? ಹೌದು. ಆಕ್ಸಿಜನ್ ಬೇಕೇ? ಇಲ್ಲ. ಇವೆರಡೇ ಮುಖ್ಯ ಪ್ರಶ್ನೆಗಳು. ಆ ಫಾರಮ್ಮಿನ ಲೆಕ್ಕಕ್ಕೆ ಅವರು ಪೂರ್ತಿ ಗುಣವಾದವರು. ಕಣ್ಣಿಗೆ ಅಲ್ಲಿ ಜಾಗವಿರಲಿಲ್ಲ. ಕೆಳಗೆ ‘ಇತರೆ’ ಎಂಬ ಒಂದು ಸಾಲು ಇತ್ತು, ಅದರಲ್ಲಿ ಬರೆದೆ. ಅಕ್ಷರ ಸಾಲು ಮೀರಿ ಅಂಚಿಗೆ ಹೋಯಿತು.

ಆ ಫಂಗಸ್ ದೊಡ್ಡದರಿಂದಲೇ ಬಂತೆಂದು ನಾನು ಹೇಳಲಾರೆ. ಸಣ್ಣದು ತಗೊಂಡವರಿಗೂ ಬಂದಿತ್ತು. ಸ್ಟೀರಾಯ್ಡ್ ಏರಿದಷ್ಟೂ ಸಕ್ಕರೆ ಏರುತ್ತದೆ, ಸಕ್ಕರೆ ಏರಿದಷ್ಟೂ ಅದಕ್ಕೆ ದಾರಿ ಸಲೀಸು ಎನ್ನುವುದೂ ನನಗೆ ಗೊತ್ತು. ಸಂಭವವನ್ನು ಹೇಳಬಲ್ಲೆ, ಕಾರಣವನ್ನು ಹೇಳಲಾರೆ. ಈ ವಾದವನ್ನು ಹಾಸಿಗೆಯಲ್ಲಿ ಮಲಗಿ, ಬಚ್ಚಲಲ್ಲಿ ನಿಂತು, ಸಾರಿಗೆ ಒಗ್ಗರಣೆ ಹಾಕುತ್ತ ನೂರಾರು ಸಲ ಮಂಡಿಸಿದ್ದೇನೆ. ಪ್ರತಿ ಸಲವೂ ನಾನೇ ಗೆದ್ದೆ. ಗೆದ್ದು ಏನೂ ಪ್ರಯೋಜನವಾಗಲಿಲ್ಲ.

ಅಲೆ ಇಳಿಯುತ್ತ ಬಂದಾಗ ನಮ್ಮ ಕಡತಗಳನ್ನು ತಪಾಸಣೆ ಮಾಡಲು ಹೊರಗಿನಿಂದ ಒಬ್ಬರು ಬಂದರು. ಎರಡು ದಿನ ಕೂತು ಒಂದೊಂದು ಲಕೋಟೆಯ ಮೇಲಿನ ವೇಳೆಯನ್ನೂ ಒಪ್ಪಿಗೆ ಪತ್ರದ ವೇಳೆಯ ಜೊತೆ ತಾಳೆ ನೋಡಿದರು. ಅಜ್ಜಿಯ ಪತ್ರದ ಮೂರನೆಯ ಪುಟಕ್ಕೆ ಬಂದಾಗ, ‘ಅಪೂರ್ಣ, ವಾಪಸ್’ ಎಂದು ನಾನು ಅಂಚಿನಲ್ಲಿ ಬರೆದಿದ್ದ ಟಿಪ್ಪಣಿಯ ಮೇಲೆ ಅವರ ಬೆರಳು ನಿಂತಿತು. ಅವರು ಕನ್ನಡಕ ಸರಿಮಾಡಿಕೊಂಡು, ‘ಒಂದು ಸಹಿ ಇಲ್ಲ ಅಂತ ವಾಪಸ್ ಕಳಿಸಿದೀರಾ? ಇಷ್ಟು ಶಿಸ್ತು ನಾನು ಎಲ್ಲೂ ನೋಡಿಲ್ಲ ಮೇಡಂ,’ ಎಂದರು. ಮುಖ್ಯಸ್ಥರು ನನ್ನ ಕಡೆ ನೋಡಿ ಹೆಮ್ಮೆಯಿಂದ ತಲೆ ಆಡಿಸಿದರು.

ಸಿಕ್ಕಿಬಿದ್ದಿದ್ದರೆ ನಾನು ಬಹುಶಃ ತಡೆದುಕೊಳ್ಳುತ್ತಿದ್ದೆ. ಆ ಹೊಗಳಿಕೆಯನ್ನು ತಡೆದುಕೊಳ್ಳಲು ಆಗಲಿಲ್ಲ.

ಮರುದಿನ ಬೆಳಿಗ್ಗೆ ಉಳಿದಿದ್ದ ಒಂದು ಲಕೋಟೆ ತೆಗೆದುಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ. ಮಾತಿನಲ್ಲಿ ಶುರು ಮಾಡಿದರೆ ನಡುವೆಯೇ ಬೇರೆ ವಿಷಯಕ್ಕೆ ಜಾರುತ್ತೇನೆಂದು ಗೊತ್ತಿತ್ತು. ಅದಕ್ಕೆ ಏನೂ ಹೇಳದೆ ಮೊಬೈಲಿನ ಟಾರ್ಚು ಹಚ್ಚಿ, ಲಕೋಟೆಯನ್ನು ಅದಕ್ಕೆ ಒತ್ತಿ ಅವರ ಮುಂದೆ ಹಿಡಿದೆ.

‘ಓದಿ ಸರ್.’

ಅವರು ಬಗ್ಗಿ ಓದಿದರು. ಆಮೇಲೆ ಲಕೋಟೆ ಬಿಟ್ಟು ನನ್ನನ್ನು ನೋಡಿದರು.

‘ಯಾವಾಗಿಂದ ಗೊತ್ತು?’

ಹೇಳಿದೆ. ಕರೆಂಟು ಹೋದದ್ದು, ಹರಿಹರದ ಫೋನು, ಮೂರನೆಯ ಪುಟ, ಎಲ್ಲವನ್ನೂ.

‘ಎಷ್ಟು ಲಕೋಟೆ ಹಿಂಗೆ ನೋಡಿದ್ರಿ?’

‘ಎರಡು ಸರ್. ಬರೀ ಎರಡು.’

‘ನಾ ನಂಬ್ತೀನ್ರಿ,’ ಎಂದರು ಮೆಲ್ಲಗೆ. ‘ಬ್ಯಾರೆಯವರು ಯಾಕ ನಂಬಬೇಕು, ಅದನ್ನ ಹೇಳ್ರಿ.’

ಇಬ್ಬರ ದಾಖಲೆ ಕೆಡಿಸಿದೆ ಎಂದು ತಿಳಿದಿದ್ದ ನನಗೆ ಆಗ ಅರ್ಥವಾಯಿತು, ನಾನು ಕೆಡಿಸಿದ್ದು ಅಷ್ಟನ್ನೂ. ಕಾಯುವವಳೇ ಎರಡರೊಳಗೆ ಇಣುಕಿದ್ದಾಳೆ ಎಂದ ಮೇಲೆ ಉಳಿದವುಗಳಿಗೆ ಯಾರು ಹೊಣೆ? ಆಕ್ಸಿಜನ್ ಮಾಸ್ಕಿನೊಳಗಿಂದಲೇ ‘ಮುಂದಿನವರಿಗಾದ್ರೂ ಉಪಯೋಗ ಆಗ್ಲಿ’ ಎಂದು ಸಹಿ ಹಾಕಿದವರಿದ್ದರು. ಅವರಲ್ಲಿ ಕೆಲವರು ಮನೆಗೆ ಹೋಗಲಿಲ್ಲ. ಇಂಥ ಸಂಶೋಧನೆಗಳ ಮೇಲೆ ಕಣ್ಣಿಡುವ ಕಾಲೇಜಿನ ನೈತಿಕ ಸಮಿತಿ ಸೇರಿತು. ನನ್ನ ಕೈಯಿಂದ ಕೀಲಿಕೈ ತೆಗೆದುಕೊಂಡರು. ಎರಡು ಔಷಧಗಳಲ್ಲಿ ಯಾವುದು ಮೇಲೆಂದು ಈ ಕಡತಗಳ ಆಧಾರದಿಂದ ಯಾರೂ ಏನೂ ಹೇಳಕೂಡದೆಂದು ಬರೆದರು. ಆ ಇಬ್ಬರಿಗೂ ನಡೆದದ್ದನ್ನು ನಾನೇ ಹೋಗಿ ತಿಳಿಸಬೇಕೆಂದೂ ಬರೆದರು.

ಮೊದಲು ಆನಗೋಡಿಗೆ ಹೋದೆ. ಅಜ್ಜಿ ಪಡಸಾಲೆಯಲ್ಲಿ ಕೂತು ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದರು. ಪೂರ್ತಿ ಕೇಳಿ, ‘ನಂಗೆ ಬರಬೇಕಾದ ಸೂಜಿ ಬ್ಯಾರೆಯವರಿಗೆ ಹೋತು ಅಂತೀಯೇನವ್ವ? ಹೋಗ್ಲಿ ತಗೋ, ಸೂಜಿ ಯಾರಿಗೆ ಬೇಕಾಗಿತ್ತು,’ ಎಂದು ನಕ್ಕರು. ಮಗ ನಗಲಿಲ್ಲ. ‘ಆವತ್ತು ಊಟ ಬಿಟ್ಟು ಓಡಿಬಂದು ಸಹಿ ಹಾಕಿದ್ದೆ ಮೇಡಮ್ಮಾರೆ. ನನ್ನಿಂದ ಲೇಟಾತು ಅಂತ ಮೂರು ವಾರ ನಿದ್ದಿ ಮಾಡಿಲ್ಲ,’ ಎಂದ.

ಹರಿಹರಕ್ಕೆ ಹೋಗಲು ಇನ್ನೂ ನಾಲ್ಕು ದಿನ ತಗೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದು ವಿಷಯ ಲೆಕ್ಕ ಹಾಕಿದೆ. ಅವಳು ಫೋನು ಮಾಡಿದ್ದು ಗಂಡನಿಗೆ ಗೊತ್ತಿಲ್ಲದಿದ್ದರೆ? ಆ ಫೋನನ್ನು ಬಿಟ್ಟು ಹೇಳಿದರಾಯಿತು, ನಾನೇ ಸ್ವಂತ ಬುದ್ಧಿಯಿಂದ ಮಾಡಿದೆ ಎಂದರಾಯಿತು. ಇದು ಅವಳನ್ನು ಉಳಿಸಲು ಎಂದು ನನಗೆ ನಾನೇ ಹೇಳಿಕೊಂಡೆ. ತುಂಗಭದ್ರೆಯ ಸೇತುವೆ ಕಾಣುವ ಹೊತ್ತಿಗೆ ಸಂಭಾಷಣೆ ಬಾಯಿಪಾಠವಾಗಿತ್ತು.

ಶೆಡ್ಡಿನಲ್ಲಿ ಲೇತ್ ಓಡುತ್ತಿತ್ತು. ಗೆಳತಿಯ ಗಂಡನ ಎಡಗಣ್ಣಿನ ಮೇಲೆ ಬಿಳಿ ಬಟ್ಟೆಯ ಪಟ್ಟಿ. ನನ್ನನ್ನು ಕಂಡು ಯಂತ್ರ ನಿಲ್ಲಿಸಿ, ‘ಬರ್ರಿ ಆಪಾ, ಕೂಡ್ರಿ,’ ಎಂದು ಅಕ್ಕನಿಗೆ ಕೊಡುವಂತೆ ಸ್ಟೂಲು ಒರೆಸಿಕೊಟ್ಟರು. ‘ಒಂದೇ ಕಣ್ಣಾಗೆ ದೂರ ಹತ್ರ ತಿಳಿಯಂಗಿಲ್ಲ ನೋಡ್ರಿ. ಟೂಲು ಕಬ್ಬಿಣಕ್ಕೆ ಮುಟ್ಟೈತೋ ಇಲ್ಲೋ ಅಂತ ಈಗ ಕಿವೀಲೆ ಕೇಳ್ತೀನಿ. ಕಿರ್ ಅಂದ್ರೆ ಮುಟ್ತು ಅಂತ.’ ಗೆಳತಿ ಒಳಗಿನಿಂದ ಚಹಾ ತಂದು ಪಕ್ಕದಲ್ಲೇ ಕೂತಳು.

ಬಾಯಿಪಾಠದಂತೆಯೇ ಹೇಳಿದೆ. ಲಕೋಟೆ, ಟಾರ್ಚು, ಅಜ್ಜಿಯ ಸಹಿ. ‘ನಿಮಗೆ ಬರಬೇಕಾಗಿದ್ದು ಸಣ್ಣದು. ನಾನು ದೊಡ್ಡದು ಬರೋ ಹಂಗೆ ಮಾಡಿದೆ. ಅದರಿಂದ ಸಕ್ಕರೆ ಹೆಚ್ಚಾಗಿರಬಹುದು. ಕಣ್ಣು ಹೋಗಿದ್ದು ಅದಕ್ಕೇ ಅಂತ ಹೇಳೋಕೆ ಆಗಲ್ಲ. ಅಲ್ಲ ಅಂತಾನೂ ಹೇಳೋಕೆ ಆಗಲ್ಲ.’

ಅವರು ಕೈಗೆ ಮೆತ್ತಿದ್ದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. ‘ಯಾಕ ಆಪಾ? ನಾವೇನು ಕೇಳಿದ್ವಾ?’

‘ನಾನು ಕೇಳಿದ್ದೆ,’ ಎಂದಳು ಗೆಳತಿ.

ಅವರು ಅವಳ ಕಡೆ ತಿರುಗಿದರು. ಪೂರ್ತಿ ತಲೆ ತಿರುಗಿಸಬೇಕಾಯಿತು, ಅವಳು ಕೂತದ್ದು ಎಡಕ್ಕೆ.

‘ನಾನೇ ಫೋನ್ ಮಾಡಿ ದೊಡ್ಡದೇ ಹಾಕ್ಸು ಅಂದಿದ್ದೆ. ಅಂದ್ರೆ ನಿಮ್ ಕಣ್ಣು…’

‘ನೀನು ಕೇಳಿದ್ದು ತಪ್ಪಲ್ಲ ಕಣೆ,’ ಎಂದೆ. ಇದು ಬಾಯಿಪಾಠದಲ್ಲಿ ಇರಲಿಲ್ಲ. ‘ಗಂಡ ಉಸಿರಾಡೋಕಾಗದೆ ಮಲಗಿದ್ರೆ ಯಾರಾದ್ರೂ ಕೇಳ್ತಾರೆ. ಆಗಲ್ಲ ಅನ್ನೋಕೇ ನನ್ನನ್ನ ಅಲ್ಲಿ ಕೂರಿಸಿದ್ದು.’

ಅವರು ಎಣ್ಣೆಯ ಬಟ್ಟೆ ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ, ‘ಆ ಅಜ್ಜಿ ಹೆಂಗದಾರೆ?’ ಎಂದು ಕೇಳಿದರು.

‘ಚೆನ್ನಾಗಿದ್ದಾರೆ.’

‘ಆಗ್ಲಿ,’ ಎಂದು ಎದ್ದು ಲೇತಿನ ಹತ್ತಿರ ಹೋದರು. ಸಿಟ್ಟಿದ್ದರೆ ಅದನ್ನು ನನಗೆ ತೋರಿಸಬಾರದೆಂದು ಹೋದರೋ ಏನೋ, ಕೇಳುವ ಧೈರ್ಯ ನನಗಿರಲಿಲ್ಲ.

ಗೆಳತಿ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಡೆ ನೋಡದೆ ಹೇಳಿದಳು: ‘ಆವತ್ತು ನೀನು ಆಗಲ್ಲ ಅಂದಿದ್ರೆ, ಇವರಿಗೆ ಏನಾರ ಆಗಿದ್ರೆ, ಜೀವ ಇರೋಮಟ ನಿನ್ನ ಜೊತೆ ಮಾತಾಡ್ತಿರಲಿಲ್ಲ ನಾನು.’

‘ಗೊತ್ತಿತ್ತು,’ ಎಂದೆ. ‘ಅದಕ್ಕೇ ಅನ್ನಲಿಲ್ಲ.’